ಉಣ್ಣೆ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ನುಡಿಬಳಕೆಯಲ್ಲಿ

ಉಣ್ಣೆ ಎಂಬುದು ಕುರಿಯ ಮೈಮೇಲೆ ಬೆಳೆದು, ಕತ್ತರಿಸಿದ ಮೇಲೂ ಮರಳಿ ಚಿಗುರಿ, ನೂಲುವುದಕ್ಕೂ ನೆಯ್ಯುವುದಕ್ಕೂ ಒದಗುವ ಸುರುಳಿರೋಮಕ್ಕೆ ಕನ್ನಡದಲ್ಲಿ ರೂಢವಾಗಿರುವ ಗ್ರಾಂಥಿಕ ನಾಮ. ಕಲಬುರಗಿ ಜಿಲ್ಲೆಯ ಪಡುವಣ ಮತ್ತು ತೆಂಕಣ ಅಂಚನ್ನು ತುಂಬಿರುವ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಈ ಶಬ್ದದ ಸಂಸಾರ ವಿಶೇಷವಾಗಿ ದೊಡ್ಡದು. ಒಂದು ಮಗ್ಗುಲಿಗೆ ಅಕ್ಕಲಕೋಟೆಯ ಕಡೆಯ ಮರಾಠಿ, ಇನ್ನೊಂದು ಮಗ್ಗುಲಿಗೆ ಸೇಡಮ್ಮಿನ ಆಚೆಯಿಂದ ಬರುವ ತೆಲುಗು, ಪೇಟೆಯೊಳಗೆ ದಖನಿ ಉರ್ದು, ತಾಂಡೆಗಳಲ್ಲಿ ಲಂಬಾಣಿ, ಇವೆಲ್ಲವೂ ಕನ್ನಡದ ಒಡನಾಟದಲ್ಲಿ ತಲೆತಲಾಂತರ ಬಾಳಿರುವ ಭೂಭಾಗವಿದು. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಳಗೆ ಬಂದುದು. ಇಲ್ಲಿಯ ಜನರ ಬಾಯಲ್ಲಿ ಉಣ್ಣೆಗೂ ಅದರ ಬಳಗದ ಮಾತುಗಳಿಗೂ ಇರುವ ಅರ್ಥಗಳನ್ನು ಕಲೆಹಾಕಿ ನೋಡಿದವರಿಗೆ ಒಂದು ವೈಚಿತ್ರ್ಯ ಗೋಚರಿಸದೆ ಇರದು: ದೇವರಿಗೆ ಹಾಸಬಹುದಾದ ಪರಮ ಶುಚಿಯಾದ ವಸ್ತುವಿನ ಹೆಸರೂ, ಎದುರಾಳಿಯನ್ನು ಹೀಗಳೆಯಲು ನೆರೆನುಡಿಗಳು ಬಳಸುವ ತುಚ್ಛಾರ್ಥದ ಬೈಗುಳೂ ಒಂದೇ ರೋಮರಾಶಿಯಿಂದ ಹುಟ್ಟಿವೆ. ಈ ಎರಡು ಕೊನೆಗಳ ನಡುವೆ ಶಬ್ದವು ಹೇಗೆ ಸಂಚರಿಸಿದೆಯೆಂಬುದೇ ಈ ಲೇಖನದ ವಿಷಯ.

ಉಣ್ಣೆ ಎಂಬುದು ಸಂಸ್ಕೃತದ ಊರ್ಣಾ ಶಬ್ದದ ತದ್ಭವ. ಋಗ್ವೇದದ ನದೀಸೂಕ್ತದಲ್ಲಿ ಸಿಂಧೂನದಿಗೆ ಊರ್ಣಾವತಿ, ಎಂದರೆ ಉಣ್ಣೆಯುಳ್ಳವಳು, ಎಂಬ ವಿಶೇಷಣವಿದೆ. ಜೇಡನಿಗೆ ಊರ್ಣನಾಭ ಎಂಬ ಹೆಸರು ಮುಂಡಕೋಪನಿಷತ್ತಿನ ಓದುಗರಿಗೆ ಪರಿಚಿತ. ಭಾಷಾಶಾಸ್ತ್ರಜ್ಞರ ಪ್ರಕಾರ ಈ ಊರ್ಣಾ, ಲ್ಯಾಟಿನ್ನಿನ ಲಾನಾ, ಇಂಗ್ಲಿಷಿನ ವೂಲ್ ಮೂರೂ ಒಂದೇ ಮೂಲದಿಂದ ಒಡೆದ ಕವಲುಗಳು. ಈ ಸಂಗತಿ ಮುಂದೆ ಪೇಟೆಯ ಉಲ್ಲನ್ನಿನ ಪ್ರಸ್ತಾಪ ಬಂದಾಗ ಉಪಯೋಗಕ್ಕೆ ಬರುತ್ತದೆ. ಶಬ್ದಾಂತ್ಯದ ಎಕಾರವನ್ನು ಇಕಾರವಾಗಿ ನುಡಿಯುವ ಉತ್ತರ ಕರ್ನಾಟಕದ ರೂಢಿಗೆ ಅನುಸಾರವಾಗಿ ಮನೆ ಮನಿಯಾದಂತೆ ಉಣ್ಣೆ ಇಲ್ಲಿ ಉಣ್ಣಿಯಾಗುತ್ತದೆ. ಇದರ ಜೊತೆಗೆ ತುಪ್ಪಟ ಎಂಬ ಅಚ್ಚ ದ್ರಾವಿಡ ಮಾತೊಂದುಂಟು. ಹಕ್ಕಿಯ ಮೆತ್ತನೆಯ ಗರಿ, ಮೊಲದ ಕೂದಲು, ಕುರಿಯ ರೋಮ ಇವೆಲ್ಲಕ್ಕೂ ಅದು ಸಲ್ಲುವುದರಿಂದ ಉಣ್ಣೆಗಿಂತ ಅದರ ವ್ಯಾಪ್ತಿ ಹಿರಿದು. ಗಡಿಯಾಚೆಗಿನ ಮರಾಠಿಯಲ್ಲಿ ಇದೇ ವಸ್ತು ಲೋಕರ, ತೆಲುಗಿನಲ್ಲಿ ಉನ್ನಿ, ದಖನಿಯಲ್ಲಿ ಊನ್. ಸಂತೆಯಲ್ಲಿ ನಿಂತವನಿಗೆ ಇವುಗಳಲ್ಲಿ ಯಾವುದೂ ಪರಕೀಯವಲ್ಲ.

ಉಣ್ಣಿ ಎಂಬ ಉಚ್ಚಾರಣೆಯಿಂದ ಒಂದು ವಿನೋದವೂ ಉಂಟಾಗಿದೆ. ದನಕರುಗಳ, ಕುರಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಕ್ಷುದ್ರಕೀಟಕ್ಕೂ ಕನ್ನಡದಲ್ಲಿ ಉಣ್ಣೆ ಅಥವಾ ಉಣ್ಣಿ ಎಂದೇ ಹೆಸರು. ಇದು ದ್ರಾವಿಡ ಶಬ್ದ. ಊರ್ಣಾ ಶಬ್ದದೊಡನೆ ಇದಕ್ಕೆ ರಕ್ತಸಂಬಂಧವಿಲ್ಲ. ಆದರೆ ಎರಡು ಉಣ್ಣಿಗಳೂ ವಾಸಿಸುವುದು ಒಂದೇ ಕುರಿಯ ಮೈಮೇಲೆ, ಒಂದು ಇನ್ನೊಂದರ ಮರೆಯಲ್ಲಿ. ಬಿಡಿಸಿಕೊಳ್ಳಲಾಗದಂತೆ ಬೆನ್ನುಹತ್ತಿದ ಸಾಲಗಾರನನ್ನೋ, ಕಚೇರಿಯ ಬಾಗಿಲಲ್ಲಿ ನಿತ್ಯ ನಿಂತಿರುವ ಪರಾನ್ನಜೀವಿಯನ್ನೋ ಉಣ್ಣಿಯ ಹಾಗೆ ಹತ್ತಿಕೊಂಡಿದ್ದಾನೆ ಎನ್ನುವಾಗ ಉದ್ದಿಷ್ಟವಾದುದು ಕೀಟವೇ ಹೊರತು ರೋಮವಲ್ಲ. ಪದಕೋಶಗಳು ಇವೆರಡನ್ನು ಪ್ರತ್ಯೇಕವಾಗಿ ನಮೂದಿಸುವುದು ಯುಕ್ತವೇ ಆಗಿದ್ದರೂ, ಕುರಿಗಾಹಿಯ ಅನುಭವದಲ್ಲಿ ಅವು ಅಷ್ಟು ಪ್ರತ್ಯೇಕವಾಗಿಲ್ಲ.

ಈ ಸೀಮೆಯ ಕಪ್ಪುನೆಲದಲ್ಲಿ ಮೇಯುವ ಉಣ್ಣೆಕುರಿ ದಖನಿ ತಳಿಯದು. ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣಗಳ ಒಣಬಯಲಿಗೆಲ್ಲ ಸಾಮಾನ್ಯವಾದ ಈ ಕುರಿಯ ರೋಮ ಬಹುಮಟ್ಟಿಗೆ ಕಪ್ಪು, ಒರಟು, ಕೂದಲು ಬೆರೆತದ್ದು. ಮೆರಿನೋ ಕುರಿಯ ರೇಶಿಮೆಯಂಥ ಉಣ್ಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಮುಟ್ಟಿದವರಿಗೆ ನಿರಾಶೆ ತಪ್ಪದು. ವರ್ಷಕ್ಕೆ ಎರಡು ಸಾರಿ, ಹಿಂಡನ್ನು ಹಳ್ಳದಲ್ಲಿ ಮೀಯಿಸಿ, ನಾಲ್ಕು ಕಾಲು ಕೂಡಿಸಿ ಕೆಡವಿ, ಕತ್ತರಿಯಿಂದ ಉಣ್ಣೆ ತೆಗೆಯುವರು. ಮೊದಲ ಕತ್ತರಿಗೆ ಸಿಕ್ಕ ಮರಿಯ ಉಣ್ಣೆ ಎಲ್ಲಕ್ಕಿಂತ ಮೃದು ಮತ್ತು ಎಲ್ಲಕ್ಕಿಂತ ಕಪ್ಪು. ವಯಸ್ಸಾದಂತೆ ಆ ಕರಿದು ಕಂದಿ ಬೂದಿಬಣ್ಣಕ್ಕೆ ಇಳಿಯುತ್ತದೆ. ಹೀಗೆ ಸಿಕ್ಕ ರೋಮವನ್ನು ಹಿಂಜಿ, ಎಳೆದು, ರಾಟಿಯಲ್ಲಿ ಇಲ್ಲವೇ ಕದಿರಿನಲ್ಲಿ ನೂತು, ಹಾಸಿಗೆ ಹುಣಸೆಬೀಜದ ಸರಿಯನ್ನು ಹುಲ್ಲಿನ ಕುಂಚದಿಂದ ಬಳಿದು ಒಣಗಿಸಿ, ಗುಣಿಮಗ್ಗದಲ್ಲಿ ಕಂಬಳಿ ನೆಯ್ಯುವುದು ಪರಂಪರಾಗತ ಕ್ರಮ. ಹಿಂಜುವುದು ಮತ್ತು ನೂಲುವುದು ಬಹುತೇಕ ಹೆಂಗಸರ ಪಾಲಿಗೂ, ನೇಯ್ಗೆ ಗಂಡಸರ ಪಾಲಿಗೂ ಬಂದಿವೆ. ಹುಣಸೆಯ ಸರಿ ನೂಲಿಗೆ ಬಿಗುವು ಕೊಡುವುದಲ್ಲದೆ, ಹೊಸ ಕಂಬಳಿಯ ಮೇಲೆ ಬಿದ್ದ ಮಳೆಹನಿ ಒಳಕ್ಕೆ ಇಳಿಯದೆ ಜಾರಿಹೋಗುವುದಕ್ಕೂ ನೆರವಾಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಬೇಗ ಬೆಂಕಿಯನ್ನೂ ಹಿಡಿಯುವುದಿಲ್ಲ.

ಈ ಕಸುಬಿನ ಕ್ರಿಯಾಪದಗಳೇ ನಿತ್ಯವ್ಯವಹಾರದ ಲಾಕ್ಷಣಿಕ ಪ್ರಯೋಗಗಳಿಗೆ ಮಾತೃಕೆಗಳಾಗಿವೆ. ಮುಗಿದ ಜಗಳವನ್ನು ಮತ್ತೆ ಎತ್ತಿ ಎಳೆಎಳೆಯಾಗಿ ಬಿಡಿಸುವವನು ಮಾತು ಹಿಂಜುತ್ತಾನೆ. ಹಿಂಜಿ ಹಿಂಜಿ ಕೇಳುವುದೆಂದರೆ ಪೊಲೀಸನ ವಿಚಾರಣೆಯೂ ಆಗಬಹುದು, ಹೊಸ ಸೊಸೆಯ ತವರಿನ ವಿಚಾರವಾಗಿ ನೆರೆಯಾಕೆಯ ಕುತೂಹಲವೂ ಆಗಬಹುದು. ಹತ್ತಿ ಬೆಳೆಯುವ ನಾಡಿನಲ್ಲಿ ಈ ಹಿಂಜುವಿಕೆಗೆ ಪಿಂಜಾರರ ಬಿಲ್ಲಿನ ನೆನಪೂ ಬೆರೆತಿದೆಯಾದ್ದರಿಂದ ಅದನ್ನು ಉಣ್ಣೆಯ ಸೊತ್ತೆಂದೇ ಸಾಧಿಸುವುದು ಹಟವಾದೀತು. ಬೋಳಿಸು ಎಂಬುದರ ಗತಿ ಇನ್ನೂ ಸ್ಪಷ್ಟ. ತಲೆ ಬೋಳಿಸುವುದು, ನುಣ್ಣಗೆ ಬೋಳಿಸುವುದು ಎಂದರೆ ಒಬ್ಬನ ಹಣವನ್ನೆಲ್ಲ ನಯವಾಗಿ ಲಪಟಾಯಿಸುವುದು. ಹಾಗೆ ಬೋಳಿಸಿಕೊಂಡವನು ಕುರಿಯಾದ. ಪೇಟೆಯ ಹುಡುಗರ ಮಾತಿನಲ್ಲಿ ಬಕರಾ ಆದ. ಇಂಗ್ಲಿಷರು ಮೋಸಗಾರನು ಕಣ್ಣಿನ ಮೇಲೆ ಉಣ್ಣೆ ಎಳೆಯುತ್ತಾನೆಂದು ಹೇಳುವಲ್ಲಿ, ನಮ್ಮ ಮೋಸಗಾರನು ಕಣ್ಣಿಗೆ ಮಣ್ಣೆರಚುತ್ತಾನೆ, ಇಲ್ಲವೆ ತಲೆಗೆ ಟೋಪಿ ಹಾಕುತ್ತಾನೆ. ಉಣ್ಣೆ ಹೊದಿಸಿ ಮೋಸಮಾಡುವ ಕಲ್ಪನೆ ಇಲ್ಲಿ ಹುಟ್ಟಲಿಲ್ಲ. ಈ ನಾಡಿನಲ್ಲಿ ಉಣ್ಣೆ ಹೊದಿಸುವುದು ಗೌರವಿಸುವುದರ ಲಕ್ಷಣವಾಗಿರುವುದೇ ಇದಕ್ಕೆ ಕಾರಣವಿರಬಹುದೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ.

ಜನಬಳಕೆಯಲ್ಲಿ ಉಣ್ಣೆಯ ಅರ್ಥಭಾರವನ್ನೆಲ್ಲ ಹೊತ್ತಿರುವುದು ಕಂಬಳಿ. ಸಂಸ್ಕೃತದ ಕಂಬಲದೊಡನೆ ಒಂದಾಗಿರುವ ಈ ಮಾತು ಎಷ್ಟು ಹಳೆಯದೆಂದರೆ, ಪಾಣಿನಿ ಕಂಬಲ ಶಬ್ದದಿಂದ ಕಂಬಲ್ಯ ಎಂಬ ಸಂಜ್ಞೆಯನ್ನು ಸಾಧಿಸಲು ಒಂದು ಸೂತ್ರವನ್ನೇ ಮೀಸಲಿಟ್ಟಿದ್ದಾನೆ. ನೂರು ಪಲ ತೂಕದ ಉಣ್ಣೆಗೆ ಕಂಬಲ್ಯವೆಂದು ಹೆಸರೆಂದು ಕಾಶಿಕಾವೃತ್ತಿ ವಿವರಿಸುತ್ತದೆ. ಇಂಗ್ಲಿಷರ ಕಾಲಕ್ಕೆ ಬಂದರೆ, ಕಂಬಳಿಯು ಕಂಬ್ಲಿ ಎಂಬ ರೂಪದಲ್ಲಿ 1886ರ ಹಾಬ್ಸನ್-ಜಾಬ್ಸನ್ ಶಬ್ದಕೋಶದೊಳಗೆ ಸೇರಿ, ದೊರೆಗಳ ಭಾಷೆಗೂ ಹೊದಿಕೆಯಾಯಿತು. ಗಡಿಯ ಮರಾಠಿಯ ಘೋಂಗಡಿ ಮತ್ತು ತೆಲುಗಿನ ಗೊಂಗಡಿಗಳೂ ಇದೇ ವಸ್ತುವಿನ ಹೆಸರುಗಳು. ಕಂಬಳಿ ಎಂಬ ಅಡ್ಡಹೆಸರು ಉತ್ತರ ಕರ್ನಾಟಕದಲ್ಲಿ ಸಾಮಾನ್ಯ. 1882ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿ ಮುಂಬಯಿ ಪ್ರಾಂತದ ಮಂತ್ರಿಯಾಗಿದ್ದ ಸರ್ ಸಿದ್ದಪ್ಪ ಕಂಬಳಿಯವರು ಆ ಹೆಸರಿನಿಂದಲೇ ಇತಿಹಾಸಕ್ಕೆ ಸಂದರು.

ಕುರಿಗಾಹಿಗೆ ಕಂಬಳಿಯು ಹಾಸಿಗೆ, ಹೊದಿಕೆ, ಗೊಪ್ಪೆ, ನೆರಳು, ಕಾಳಿನ ಗಂಟು ಎಲ್ಲವೂ ಹೌದು. ವೈಶಾಖದ ಉರಿಬಿಸಿಲಿನಲ್ಲಿ ಪಾದರಸ ನಲವತ್ತು ಡಿಗ್ರಿಯನ್ನು ದಾಟುವ ಈ ಜಿಲ್ಲೆಯಲ್ಲಿ ಉಣ್ಣೆ ಹೊದ್ದು ನಡೆಯುವವರನ್ನು ಕಂಡು ಪರಸ್ಥಳದವರು ಬೆರಗಾಗುತ್ತಾರೆ. ಚಳಿಯನ್ನು ತಡೆಯುವ ದಪ್ಪನೆಯ ನೇಯ್ಗೆಯೇ ಬಿಸಿಲಿನ ಝಳವನ್ನೂ ತಡೆಯುವುದೆಂಬುದು ಹೊದ್ದವರಿಗೆ ಗೊತ್ತು. ಕಂಬಳಿಯ ಮೇಲೆ ಮಲಗಿದವನ ಹತ್ತಿರ ಹಾವು ಚೇಳು ಸುಳಿಯವೆಂಬ ನಂಬಿಕೆ ಹೊಲದಲ್ಲಿ ಕಾವಲಿರುವವರಲ್ಲಿ ದೃಢವಾಗಿದೆ. ಕಾಲಿಗೆ, ತೋಳಿಗೆ, ಎತ್ತಿನ ಕೊರಳಿಗೆ ದೃಷ್ಟಿತಾಕದಂತೆ ಕಟ್ಟುವ ಕರಿದಾರ ಉಣ್ಣೆಯದಾಗಿದ್ದರೆ ಹೆಚ್ಚು ಫಲಕಾರಿಯೆಂದು ಹಿರಿಯರ ಎಣಿಕೆ. ಜೀತದಾಳಿನ ವರ್ಷದ ಪ್ರತಿಫಲದಲ್ಲಿ ಕಾಳಿನ ಜೊತೆಗೆ ಒಂದು ಕಂಬಳಿ, ಒಂದು ಜೊತೆ ಕೆರ ಎಂಬ ಲೆಕ್ಕ ಹಿಂದೆ ಇದ್ದುದರಿಂದ, ಆ ಕಾಲದಲ್ಲಿ ಕಂಬಳಿಯು ಕೂಲಿಯ ಒಂದು ಮಾನವೂ ಆಗಿತ್ತು.

ಧಾರ್ಮಿಕಾರ್ಥದಲ್ಲಿ ಉಣ್ಣೆ ಪರಮಪದವನ್ನು ಮುಟ್ಟಿರುವುದು ಹಾಲುಮತದ ಕುರುಬರಲ್ಲಿ. ಅವರ ಆಚಾರದಲ್ಲಿ ಗದ್ದಿಗೆ ಎಂದರೆ ಮಡಿಸಿ ಹಾಸಿದ ಕರಿಕಂಬಳಿ. ದೇವರ ಕಲಶ ಕೂರುವುದು ಅದರ ಮೇಲೆ. ಮದುಮಕ್ಕಳು ಕೂರುವುದು ಅದರ ಮೇಲೆ. ಹಿರಿಯರು ನ್ಯಾಯ ತೀರಿಸುವುದು ಅದರ ಮೇಲೆ. ಅದನ್ನು ಮುಟ್ಟಿ ಆಡಿದ ಮಾತಿಗೆ ತಪ್ಪುವುದು ಮಹಾಪಾತಕ. ಮದುವೆಯಲ್ಲಿ ಕೈಗೆ ಕಟ್ಟುವ ದಾರದಿಂದಲೇ ಕುಲದ ಎರಡು ಪಂಗಡಗಳಿಗೆ ಹೆಸರು ಬಂದಿದೆ: ಉಣ್ಣೆ ಕಂಕಣದವರು, ಹತ್ತಿ ಕಂಕಣದವರು. ನೇಗಿಲ ಮೊನೆಗೆ ಹುತ್ತ ಒಡೆದು ಅದರೊಳಗಿನಿಂದ ಕುರಿಗಳು ಹೊರಟು ಬಂದ ಕಥೆಯ ನಾಯಕ ಉಂಡಾಡು ಪದ್ಮಣ್ಣನ ಇಬ್ಬರು ಹೆಂಡಿರ ಸಂತತಿಯಿಂದ ಈ ಭೇದವುಂಟಾಯಿತೆಂದು ಐತಿಹ್ಯ ಹೇಳುತ್ತದೆ. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತು 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಸಂಪುಟಗಳಲ್ಲಿಯೂ ಈ ಪಂಗಡಗಳ ಉಲ್ಲೇಖವಿದೆ. ನಿಮ್ಮದು ಉಣ್ಣೆಯೋ ಹತ್ತಿಯೋ ಎಂಬ ಪ್ರಶ್ನೆ ಸಂಬಂಧ ಬೆಳೆಸುವ ಮುನ್ನ ಹಿರಿಯರ ಬಾಯಿಂದ ಬರುವಾಗ, ಕೇಳುತ್ತಿರುವುದು ಅರಿವೆಯ ವಿಷಯವಲ್ಲವೆಂಬುದನ್ನು ಹೊರಗಿನವನು ತಿಳಿಯಲು ಸ್ವಲ್ಪ ಹೊತ್ತು ಬೇಕು. ಮೈಲಾರಲಿಂಗನ ಭಕ್ತರಾದ ಗೊರವರು ತೊಡುವ ಕರಿಕಂಬಳಿಯ ನಿಲುವಂಗಿಯೂ, ಹೆಗಲ ಮೇಲೆ ಕಂಬಳಿ ಹೊತ್ತಂತೆ ಕನಕದಾಸರನ್ನು ಚಿತ್ರಿಸುವ ಪದ್ಧತಿಯೂ ಇದೇ ಪರಿವಾರಕ್ಕೆ ಸೇರಿದವು. ಭೀಮೆಯ ಆಚೆ, ಸಿಂದಗಿ ಸೀಮೆಯ ಗೊಲ್ಲಗೇರಿಯಲ್ಲಿ ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಪೂಜಿಸಿ ಸಿದ್ಧಿ ಪಡೆದನೆಂದು ಪ್ರಸಿದ್ಧನಾದ ಗೊಲ್ಲಾಳನ ಕಥೆ ಕೇಳಿದವರಿಗೆ, ಹಿಂಡಿನಿಂದ ಬಂದ ಯಾವುದೂ ಈ ಜನಕ್ಕೆ ಏಕೆ ಹೇಯವಲ್ಲವೆಂಬುದು ತಾನಾಗಿ ತಿಳಿಯುತ್ತದೆ.

ಉಣ್ಣೆಯನ್ನು ಹೂವಿನ ಹಾಗೆ ಎರಚುವ ಸೋಜಿಗವನ್ನು ನೋಡಬೇಕೆಂದರೆ ಗಡಿ ದಾಟಿ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನ ಹುಲಜಂತಿಗೆ ಹೋಗಬೇಕು. ಹಾಲುಮತದವರ ಆರಾಧ್ಯನಾದ ಮಾಳಿಂಗರಾಯನ ಈ ಕ್ಷೇತ್ರಕ್ಕೆ ದೀಪಾವಳಿಯ ಅಮಾವಾಸ್ಯೆಗೆ ಕಲಬುರಗಿ, ವಿಜಯಪುರ ಜಿಲ್ಲೆಗಳ ಹಾಲುಮತಸ್ಥರು ಅಪಾರ ಸಂಖ್ಯೆಯಲ್ಲಿ ಸೇರುತ್ತಾರೆ. ಪಲ್ಲಕ್ಕಿಗಳು ಪರಸ್ಪರ ಭೇಟಿಯಾಗುವ ಹೊತ್ತಿಗೆ ಜನಸ್ತೋಮದಿಂದ ಭಂಡಾರ, ಕೊಬ್ಬರಿ, ಉಣ್ಣೆ ಮೂರೂ ಏಕಕಾಲಕ್ಕೆ ಮೇಲಕ್ಕೆ ಹಾರುತ್ತವೆ. ಅರಿಸಿನದ ಹಳದಿಯ ನಡುವೆ ತೇಲುವ ಆ ಕಪ್ಪು ಬಿಳಿ ಎಳೆಗಳು ಅಲ್ಲಿ ನೈವೇದ್ಯವೂ ಹೌದು, ಪ್ರಸಾದವೂ ಹೌದು. ದೇಗುಲದ ಶಿಖರಕ್ಕೆ ಅಂದಿನ ರಾತ್ರಿ ಶಿವನೇ ಮುಂಡಾಸ ಸುತ್ತುತ್ತಾನೆಂದು ಭಕ್ತರ ನಂಬಿಕೆ. ಇನ್ನೂ ದೂರ, ತಮಿಳುನಾಡಿನ ಮಧುರೆ ಮತ್ತು ತಿರುನೆಲ್ವೇಲಿ ಪ್ರಾಂತಗಳಿಗೆ ಹಿಂದೆ ವಲಸೆಹೋದ ಕನ್ನಡ ಮಾತಿನ ಕಪ್ಪಿಲಿಯರಲ್ಲಿ ಕುಲಸಭೆ ಸೇರುವಾಗ ಕಂಬಳಿ ಹಾಸಿ ಕಲಶವಿಡುವ ಪದ್ಧತಿಯಿದ್ದು, ಆ ಕಾರಣದಿಂದ ಕುಲಸಮೂಹಕ್ಕೇ ಕಂಬಳಂ ಎಂಬ ಹೆಸರು ನಿಂತಿದೆ. ಒಂಬತ್ತು ಕಂಬಳಗಳೆಂಬ ಎಣಿಕೆ ಅಲ್ಲಿ ಪ್ರಸಿದ್ಧ. ಹಾಸಿದ ವಸ್ತುವಿನ ಹೆಸರು ಕುಳಿತವರಿಗೆ ಹತ್ತಿದ ಉದಾಹರಣೆಗಳಲ್ಲಿ ಇದಕ್ಕಿಂತ ಸೊಗಸಾದದ್ದು ಸಿಕ್ಕಲಾರದು.

ಕುರುಬರ ಗದ್ದಿಗೆಯಿಂದ ಬ್ರಾಹ್ಮಣರ ದೇವರಮನೆಗೆ ಉಣ್ಣೆ ನಡೆದುಹೋಗುವ ದಾರಿ ಮೇಲ್ನೋಟಕ್ಕೆ ತೋರುವಷ್ಟು ದೀರ್ಘವಲ್ಲ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ ಅಮರ್ಜಾ ನದಿಗಳ ಸಂಗಮದ ಸಮೀಪ, ದತ್ತ ಸಂಪ್ರದಾಯದ ಗುರು ಶ್ರೀ ನರಸಿಂಹಸರಸ್ವತಿಗಳ ಪಾದುಕೆಗಳ ಸನ್ನಿಧಿಯಲ್ಲಿ ಗುರುಚರಿತ್ರೆಯ ಪಾರಾಯಣಕ್ಕೆ ಕೂರುವವರಿಗೆ ಮಡಿಯೆಂಬ ಮಾತಿನ ಬೆನ್ನಿಗೇ ಧಾಬಳಿ ಎಂಬ ಮಾತು ನೆನಪಿಗೆ ಬರುತ್ತದೆ. ಮರಾಠಿಗೂ ಉತ್ತರ ಕರ್ನಾಟಕದ ಕನ್ನಡಕ್ಕೂ ಸಮಾನವಾದ ಈ ಧಾಬಳಿಯು ಮಡಿಯಲ್ಲಿ ಉಡುವ ಉಣ್ಣೆಯ ವಸ್ತ್ರ. ಹತ್ತಿಯ ಬಟ್ಟೆಯನ್ನು ಅಂದಂದೇ ಒಗೆದು ಒಣಗಿಸಿ, ಪರರ ಸ್ಪರ್ಶ ತಗಲದಂತೆ ಕಾಯ್ದುಕೊಳ್ಳಬೇಕು. ರೇಶಿಮೆಗೂ ಉಣ್ಣೆಗೂ ಆ ನಿಯಮ ಸಡಿಲ. ಒಗೆಯದಿದ್ದರೂ ಮೈಲಿಗೆಯಾಗದ ಬಟ್ಟೆಯೆಂಬ ಈ ಪರಿಗಣನೆಯಿಂದ, ಚಳಿಗಾಲದ ಬೆಳಗಿನಲ್ಲಿ ಒದ್ದೆಬಟ್ಟೆಯ ನಿಷ್ಠೆಗೆ ಅಂಜುವವರಿಗೆ ಧಾಬಳಿ ಶಾಸ್ತ್ರಸಮ್ಮತವಾದ ಒಂದು ಉಪಾಯವೂ ಆಗಿ ಪರಿಣಮಿಸಿತು. ಈ ಶುಚಿತ್ವದ ಬೇರು ವೇದದಷ್ಟು ಆಳದಲ್ಲಿದೆ. ಸೋಮರಸವನ್ನು ಸೋಸುತ್ತಿದ್ದುದು ಕುರಿಯ ಉಣ್ಣೆಯ ಜಾಲರಿಯಲ್ಲಿ. ಆ ಜಾಲರಿಗೆ ಪವಿತ್ರ ಎಂದೇ ಹೆಸರು. ಋಗ್ವೇದದ ಒಂಬತ್ತನೆಯ ಮಂಡಲ ಪುಟಪುಟದಲ್ಲಿಯೂ ಅದನ್ನು ಕೊಂಡಾಡುತ್ತದೆ. ಮನುಸ್ಮೃತಿಯ ಎರಡನೆಯ ಅಧ್ಯಾಯವು ಬ್ರಾಹ್ಮಣನಿಗೆ ಹತ್ತಿಯ, ಕ್ಷತ್ರಿಯನಿಗೆ ಸೆಣಬಿನ, ವೈಶ್ಯನಿಗೆ ಉಣ್ಣೆಯ ಉಪವೀತವನ್ನು ವಿಧಿಸುತ್ತದೆ. ಹತ್ತಿ ಕಂಕಣ, ಉಣ್ಣೆ ಕಂಕಣ ಎಂಬ ಹಾಲುಮತದ ವಿಭಾಗವನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ, ನೂಲಿನಿಂದ ಕುಲವನ್ನು ಗುರುತಿಸುವ ಬುದ್ಧಿ ಎರಡೂ ಕಡೆ ಒಂದೇ ಎಂಬುದು ಸ್ಪಷ್ಟವಾಗುತ್ತದೆ. ಯಾರು ಯಾರಿಂದ ಕಲಿತರೆಂಬ ವಾದಕ್ಕೆ ಇಳಿಯುವ ಪ್ರಯೋಜನವಿಲ್ಲ.

ಆಳಂದದ ಪೇಟೆಗೆ ಬಂದರೆ ಉಣ್ಣೆ ಇನ್ನೊಂದು ಹಾದಿಯಿಂದ ಪೂಜ್ಯವಾಗುತ್ತದೆ. ಲಾಡ್ಲೆ ಮಶಾಯಕರೆಂದು ಪ್ರಖ್ಯಾತರಾದ ಹಜರತ್ ಶೇಖ್ ಅಲಾವುದ್ದೀನ್ ಅನ್ಸಾರಿಯವರ ದರ್ಗಾ ಇಲ್ಲಿದೆ. ಜಿಲ್ಲೆಯ ಮುಖ್ಯಪಟ್ಟಣದಲ್ಲಿ 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜರ ದರ್ಗಾ ಇದೆ. ಇವರು ಸೂಫಿಗಳು. ಅರಬ್ಬೀ ಭಾಷೆಯಲ್ಲಿ ಸೂಫ್ ಎಂದರೆ ಉಣ್ಣೆ. ರೇಶಿಮೆಯ ವೈಭವವನ್ನು ತೊರೆದು ಒರಟು ಉಣ್ಣೆಯನ್ನು ತೊಟ್ಟ ವಿರಕ್ತರಿಗೆ ಆ ಉಡುಪಿನಿಂದಲೇ ಸೂಫಿಯೆಂಬ ಹೆಸರು ಬಂದಿತೆಂಬುದು ಬಹುಜನ ಒಪ್ಪಿದ ನಿರುಕ್ತಿ. ಪರಿಶುದ್ಧಿ ಎಂಬರ್ಥದ ಸಫಾ ಶಬ್ದದಿಂದ ಅದನ್ನು ನಿಷ್ಪನ್ನ ಮಾಡುವವರೂ ಹಿಂದಿನಿಂದ ಉಂಟು. ದಖನಿಯಲ್ಲಿ ಹಾಡುವ ಸ್ತುತಿಗೀತೆಗಳಲ್ಲಿ ಪ್ರವಾದಿಯವರಿಗೆ ಕಾಲೀ ಕಮಲೀವಾಲೆ, ಎಂದರೆ ಕರಿಯ ಕಂಬಳಿಯವರು, ಎಂಬ ಸಂಬೋಧನೆ ಪ್ರಚುರವಾಗಿದೆ. ಹಾಗಾಗಿ ಆಳಂದದ ಬೀದಿಯಲ್ಲಿ ಕರಿಕಂಬಳಿ ಎಂಬ ಒಂದೇ ಮಾತು ಒಬ್ಬನಿಗೆ ಹಾಲುಮತದ ದೇವರಾದ ಬೀರಪ್ಪನ ಗದ್ದಿಗೆಯನ್ನೂ ಇನ್ನೊಬ್ಬನಿಗೆ ಪೈಗಂಬರರನ್ನೂ ಸ್ಮರಣೆಗೆ ತರಬಲ್ಲದು. ಇಬ್ಬರ ಮನಸ್ಸಿನಲ್ಲಿಯೂ ಅದು ಬಡತನದ ಬಟ್ಟೆ, ಇಬ್ಬರಿಗೂ ಅದು ತಲೆಬಾಗಿಸುವ ಬಟ್ಟೆ. ರಾಟಿಯ ತಿರುಗಾಟವನ್ನು ಧ್ಯಾನಕ್ಕೆ ಹೋಲಿಸಿ ಹೆಂಗಸರು ಹಾಡುತ್ತಿದ್ದ ಚರಖಾನಾಮಾ ಎಂಬ ದಖನಿ ಪದ್ಯಪ್ರಕಾರವೂ ಈ ದಖ್ಖಣದ ಸೂಫಿಗಳ ಪರಂಪರೆಯಲ್ಲಿಯೇ ಬೆಳೆಯಿತು.

ಪೂಜ್ಯತೆ ಮತ್ತು ತುಚ್ಛತೆ ಎರಡನ್ನೂ ಒಂದೇ ಸಂಪ್ರದಾಯ ಒಳಗೊಂಡಿರುವುದಕ್ಕೆ ಭೀಮಾತೀರದ ಹಳೆಯ ಬೌದ್ಧಧರ್ಮವನ್ನು ಉದಾಹರಿಸಬಹುದು. ಈ ನದಿಯ ಕೆಳಹರಿವಿನಲ್ಲಿ, ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ದೊಡ್ಡ ಸ್ತೂಪದ ಅವಶೇಷಗಳೂ ಅಶೋಕನ ಹೆಸರು ಕೆತ್ತಿದ ಶಿಲ್ಪವೂ ದೊರೆತಿವೆ. ಆ ಧರ್ಮದ ಗ್ರಂಥಗಳಲ್ಲಿ ಮಹಾಪುರುಷನ ಮೂವತ್ತೆರಡು ಲಕ್ಷಣಗಳ ಪೈಕಿ ಹುಬ್ಬುಗಳ ನಡುವಿನ ಬಿಳಿಯ ಮೃದುರೋಮ ಒಂದು. ಅದರ ಹೆಸರು ಊರ್ಣಾ. ಅದೇ ಗ್ರಂಥಗಳಲ್ಲಿ ಬುದ್ಧನ ಸಮಕಾಲೀನನಾದ ನಾಸ್ತಿಕ ಅಜಿತನಿಗೆ ಕೇಶಕಂಬಲಿ ಎಂಬ ಉಪನಾಮವಿದ್ದು, ಕೂದಲಿನಿಂದ ನೆಯ್ದ ಕಂಬಳಿಯು ಚಳಿಯಲ್ಲಿ ತಣ್ಣಗೆ, ಸೆಕೆಯಲ್ಲಿ ಬಿಸಿ, ನೋಡಲು ಕುರೂಪ, ಮೂಸಲು ದುರ್ಗಂಧ, ಆದಕಾರಣ ನೆಯ್ದ ಬಟ್ಟೆಗಳಲ್ಲೆಲ್ಲ ಅಧಮ ಎಂಬ ನಿಂದೆಯೂ ಸೇರಿದೆ.

ಇನ್ನು ತುಚ್ಛಾರ್ಥಗಳ ವಿಚಾರ. ವಿಶ್ವಕೋಶದ ಪುಟದಲ್ಲಿ ಎಲ್ಲವನ್ನೂ ಬಿಡಿಸಿ ಬರೆಯುವುದು ಸಭ್ಯವಾಗದು. ಆದರೆ ಇಲ್ಲವೆಂದು ಮುಚ್ಚಿಡುವುದೂ ವಿದ್ವತ್ತಿಗೆ ತಕ್ಕುದಲ್ಲ. ಮನುಷ್ಯನ ಗುಹ್ಯರೋಮವನ್ನು ಕುರಿಯ ರೋಮದ ಹೆಸರಿನಿಂದ ಸೂಚಿಸಿ, ಆ ಮೂಲಕ ನಿಷ್ಪ್ರಯೋಜಕ, ಲೆಕ್ಕಕ್ಕಿಲ್ಲದ್ದು ಎಂಬ ಅರ್ಥವನ್ನು ಹೊರಡಿಸುವುದು ಅನೇಕ ಭಾಷೆಗಳಿಗೆ ಸಾಧಾರಣವಾದ ಚಾಳಿ. ತೆಲುಗಿನ ಬೊಚ್ಚು ಎಂಬುದು ಕುರಿಯ ತುಪ್ಪಟಕ್ಕೂ ಮೈಗೂದಲಿಗೂ ಸಲ್ಲುವ ಸಾಧುಶಬ್ದವಾಗಿದ್ದರೂ, ಜಗಳದ ಬಾಯಲ್ಲಿ ಏನೂ ಅಲ್ಲದ್ದು ಎಂಬ ತಿರಸ್ಕಾರವಾಗಿ ಪರಿಣಮಿಸುತ್ತದೆ. ಪಾರಸಿಯ ಪಶಮ್ ಶಬ್ದಕ್ಕೆ ಮೂಲಾರ್ಥ ಉಣ್ಣೆ. ಪಶಮೀನಾ ಎಂಬ ಶ್ರೇಷ್ಠ ಶಾಲು ಹುಟ್ಟಿದ್ದು ಅದರಿಂದಲೇ. ಉರ್ದುವಿನ ಒರಟು ಮಾತಿಗೆ ಬಂದಾಗ ಅದು ಇದೇ ಅಶ್ಲೀಲಾರ್ಥಕ್ಕೆ ಇಳಿಯುತ್ತದೆ. ಈ ಎರಡು ನೆರೆಭಾಷೆಗಳ ನಡುವೆ ಸಿಕ್ಕ ಕಲಬುರಗಿಯ ಕನ್ನಡದಲ್ಲಿ ಉಣ್ಣೆ ಎಂಬ ಶಬ್ದ ಮಾತ್ರ ಆ ಕೆಸರಿಗೆ ಬೀಳದೆ ಉಳಿದಿದೆ. ಆ ಕೆಲಸಕ್ಕೆ ಇಲ್ಲಿ ಕೂದಲಿನ ಬೇರೆ ಹೆಸರುಗಳಿವೆ. ಕಂಕಣವೂ ಗದ್ದಿಗೆಯೂ ಆದ ಪದವನ್ನು ಬೈಗುಳಕ್ಕೆ ಎಳೆಯಲು ನಾಲಗೆ ಹಿಂಜರಿದಿರಬೇಕು. ಈ ಬಗೆಯ ಹೋಲಿಕೆ ಇಂದಿನ ಪೋಲಿಗಳ ಆವಿಷ್ಕಾರವೆಂದು ಭಾವಿಸುವವರು ಋಗ್ವೇದದ ಒಂದನೆಯ ಮಂಡಲದ 126ನೆಯ ಸೂಕ್ತದ ಕೊನೆಯ ಋಕ್ಕನ್ನು ನೋಡಬಹುದು. ಅಲ್ಲಿ ಒಬ್ಬ ತರುಣಿ ತನ್ನ ಮೈರೋಮವನ್ನು ಗಾಂಧಾರದೇಶದ ಕುರಿಯ ಉಣ್ಣೆಗೆ ಹೋಲಿಸಿಕೊಂಡಿದ್ದಾಳೆ.

ಗಾದೆಗಳಲ್ಲಿ ಕಂಬಳಿಯು ಹಾಸ್ಯಕ್ಕೆ ವಸ್ತುವಾದರೂ ಅವಮಾನಕ್ಕೆ ಗುರಿಯಾಗಿಲ್ಲ. ಕಂಬಳಿಯಲ್ಲಿ ಕೂಳು ಕಟ್ಟಿಕೊಂಡು ಕೂದಲು ಬಂತೆಂದು ದೂರುವವನು ಕನ್ನಡದಲ್ಲಿಯೂ ಇದ್ದಾನೆ, ತೆಲುಗಿನಲ್ಲಿಯೂ ಇದ್ದಾನೆ. ತಾನೇ ಆರಿಸಿಕೊಂಡ ಅವಸ್ಥೆಯ ಸಹಜದೋಷಕ್ಕೆ ಗೊಣಗುವ ಪ್ರತಿಯೊಬ್ಬನಿಗೂ ಅದು ಅನ್ವಯಿಸುತ್ತದೆ. ಹೊಳೆಯಲ್ಲಿ ತೇಲಿಬಂದ ಕರಡಿಯನ್ನು ಕಂಬಳಿಯೆಂದು ಭ್ರಮಿಸಿ ಈಸಿಹೋಗಿ ಹಿಡಿದವನ ಕಥೆ ಭೀಮೆಯ ಮಹಾಪೂರಗಳನ್ನು ಕಂಡ ಜನಕ್ಕೆ ಬಹು ರುಚಿಸುವಂಥದು. ಬಿಟ್ಟು ಬಾರೋ ಎಂದು ದಂಡೆಯವರು ಕೂಗಿದರೆ, ನಾನು ಬಿಟ್ಟರೂ ಕಂಬಳಿ ನನ್ನನ್ನು ಬಿಡದೆಂದು ಅವನು ಉತ್ತರಿಸಿದನಂತೆ. ಸಾಲ, ವ್ಯಾಜ್ಯ, ಊರ ರಾಜಕೀಯ, ಇವುಗಳಲ್ಲಿ ಸಿಕ್ಕಿಕೊಂಡವರೆಲ್ಲರೂ ಈ ಉತ್ತರವನ್ನು ತಮ್ಮದಾಗಿಸಿಕೊಂಡಿದ್ದಾರೆ. ವಿದ್ಯಾರ್ಥಿನಿಲಯಗಳ ಗುಪ್ತಭಾಷೆಯಲ್ಲಿ ಕಂಬಳ್ ಪರೇಡ್ ಎಂಬುದೊಂದಿದೆ. ಹೊಡೆದವರಾರೆಂದು ತಿಳಿಯದಂತೆ ತಲೆಯ ಮೇಲೆ ಹೊದಿಕೆ ಕವಿಸಿ ಸಾಮೂಹಿಕವಾಗಿ ಗುದ್ದುವ ಈ ದುರಾಚಾರ ಹಿಂದಿಯ ಕಡೆಯಿಂದ ಬಂದದ್ದು. ಅಲ್ಲಿ ಬಳಸುವ ಹೊದಿಕೆಯೂ ಸಾಮಾನ್ಯವಾಗಿ ಉಣ್ಣೆಯದಲ್ಲ.

ಪ್ರಾಣಿ ಸಸ್ಯಗಳಿಗೂ ಈ ಹೆಸರು ಹರಡಿದೆ. ಮೈತುಂಬ ರೋಮವುಳ್ಳ ಕೀಡೆಗೆ ಕಂಬಳಿಹುಳು ಎನ್ನುವುದು ಕನ್ನಡನಾಡಿಗೆಲ್ಲ ಸಾಮಾನ್ಯ. ತೊಗರಿಯ ಕಣಜವೆನಿಸಿದ ಈ ಜಿಲ್ಲೆಯ ರೈತನಾದರೋ ಅದನ್ನು ಕಾಯಿ ಕೊರೆಯುವ ಬೋಳುಮೈಯ ಕೀಡೆಯಿಂದ ಎಚ್ಚರದಿಂದ ಬೇರ್ಪಡಿಸಿ ಹೇಳುತ್ತಾನೆ, ಏಕೆಂದರೆ ಎರಡರ ಹಾನಿಯೂ ಬೇರೆ, ಮದ್ದೂ ಬೇರೆ. ಹಿಪ್ಪುನೇರಳೆಗೆ ಕಂಬಳಿಗಿಡ, ಕಂಬಳಿಹಣ್ಣು ಎಂಬ ಹೆಸರುಗಳು ಹಳೆಯ ಮೈಸೂರಿನ ರೇಶಿಮೆಯ ಸೀಮೆಯವು. ಈ ಕಡೆ ಅವು ಅಪರೂಪ.

ಶಾಲು ಎಂಬ ಪಾರಸಿ ಮಾತು ಉಣ್ಣೆಯ ಗೌರವಾರ್ಥವನ್ನು ಸಭಾವೇದಿಕೆಗೆ ಏರಿಸಿತು. ಶಾಲು ಹೊದಿಸುವುದೆಂದರೆ ಸನ್ಮಾನ. ಸ್ವಲ್ಪ ವ್ಯಂಗ್ಯ ಬೆರೆತರೆ, ಶಾಲು ಹೊದಿಸಿ ಕಳಿಸುವುದೆಂದರೆ ಒಬ್ಬನನ್ನು ಮರ್ಯಾದೆಯಿಂದ ಬದಿಗೆ ಸರಿಸುವುದು. ಶಾಲಿನಲ್ಲಿ ಪಾದರಕ್ಷೆ ಸುತ್ತಿ ಹೊಡೆಯುವುದೆಂದರೆ ನಯವಾದ ಮಾತಿನಿಂದ ಕಟುವಾಗಿ ನಿಂದಿಸುವುದು. ಈಚಿನ ದಶಕಗಳಲ್ಲಿ ಹಾಲುಮತದ ಸಮಾವೇಶಗಳಲ್ಲಿಯೂ ಚುನಾವಣೆಯ ಸಭೆಗಳಲ್ಲಿಯೂ ಶಾಲಿನ ಸ್ಥಾನವನ್ನು ಕರಿಕಂಬಳಿಯೇ ಆಕ್ರಮಿಸಿ, ಕಂಬಳಿ ಹೊದಿಸಿದರು ಎಂಬ ವಾಕ್ಯ ವೃತ್ತಪತ್ರಿಕೆಗಳಲ್ಲಿ ನಿತ್ಯದ ಮಾತಾಗಿದೆ. ಹೊದ್ದವನು ಯಾವ ಪಕ್ಷದವನಾದರೂ ಭಾವಚಿತ್ರದಲ್ಲಿ ಕಂಬಳಿ ಒಂದೇ ರೀತಿ ಕಾಣುತ್ತದೆ.

ಬಳೆಯಂಗಡಿಗಳಲ್ಲಿ ಬಣ್ಣಬಣ್ಣದ ಉಂಡೆಗಳಾಗಿ ಮಾರುವ ಉಲ್ಲನ್ ಇಂದಿನ ಮನೆಮಾತು. ಉಲ್ಲನ್ ಟೋಪಿ, ಉಲ್ಲನ್ ತೋರಣ, ಕೂಸಿನ ಉಲ್ಲನ್ ಕುಲಾವಿ, ಇವನ್ನು ಹೆಣೆಯುವ ಕೈಗಳಿಗೆ ಆ ನೂಲು ಬಹುಪಾಲು ಅಕ್ರಿಲಿಕ್ ಎಂಬ ರಾಸಾಯನಿಕ ತಂತುವೆಂದೂ ಅದರಲ್ಲಿ ಕುರಿಯ ಒಂದು ರೋಮವೂ ಇಲ್ಲದಿರಬಹುದೆಂದೂ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಚಿಂತೆಯಿಲ್ಲ. ಊರ್ಣಾ ಶಬ್ದದ ದೂರದ ದಾಯಾದಿಯಾದ ವೂಲ್ ಹೀಗೆ ಸಮುದ್ರ ದಾಟಿ ಬಂದು, ಅಣ್ಣನ ಮನೆಯಲ್ಲಿಯೇ ಅಣ್ಣನ ವಸ್ತುವನ್ನು ಬಿಟ್ಟು ಹೆಸರನ್ನು ಮಾತ್ರ ಊರ್ಜಿತಗೊಳಿಸಿದೆ. ಉಣ್ಣೆ ಎಂಬ ಶುದ್ಧರೂಪವನ್ನು ನಿಷ್ಠೆಯಿಂದ ಉಳಿಸಿಕೊಂಡಿರುವುದು ಪಠ್ಯಪುಸ್ತಕಗಳು ಮತ್ತು ಸರಕಾರದ ಕಡತಗಳು; ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಎಂಬ ನಾಮಫಲಕದಲ್ಲಿ ಅದು ಕುರಿಯ ಜೊತೆಗೆ ಸರಿಸಮನಾಗಿ ನಿಂತಿದೆ. ದಖ್ಖಣದ ಕುರಿಗಾಹಿಯ ಲೆಕ್ಕದಲ್ಲಾದರೋ ಆ ಸಮತೆ ಉಳಿದಿಲ್ಲ. ಮಾಂಸಕ್ಕೆ ಬೆಲೆ ಏರಿ, ಒರಟು ಉಣ್ಣೆಯನ್ನು ಕೊಳ್ಳುವವರು ಕಡಮೆಯಾದಂತೆ, ಹಿಂಡುಗಳಲ್ಲಿ ಕೆಂಗುರಿ, ಯಳಗಗಳಂಥ ಕೂದಲುಕುರಿಗಳು ಹೆಚ್ಚಿವೆ. ದಖನಿ ಕುರಿಯನ್ನು ಇನ್ನೂ ಸಾಕುವವರು ಅದರ ಆರೋಗ್ಯಕ್ಕಾಗಿ ಕೂಲಿ ಕೊಟ್ಟು ಉಣ್ಣೆ ಕತ್ತರಿಸಿಸಿ, ಕೊಳ್ಳುವವರು ಬಾರದಿದ್ದರೆ ಹೊಲದ ಬದುವಿನಲ್ಲಿಯೇ ಚೆಲ್ಲಿಹೋಗುವುದೂ ಉಂಟು.